ಕಾರಣ ಬೇರೆ, ಹೊಣೆ ಬೇರೆ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಈ ಗಾದೆಯನ್ನು ಕಟ್ಟಿದವರ ಕಾಲದಲ್ಲಿ ಆಡಿದ ಮಾತು ಜಗಲಿಯಿಂದ ಅಂಗಳಕ್ಕೆ, ಹೆಚ್ಚೆಂದರೆ ನೆರೆಮನೆಯ ಬೇಲಿಯವರೆಗೆ ಹೋಗುತ್ತಿತ್ತು. ಇಂದು ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಅದು ಊರನ್ನು ದಾಟಿ, ಸಮುದ್ರವನ್ನೂ ದಾಟಿ, ಕೊಲ್ಲಿನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳ ಕೈಯನ್ನು ಸೇರುತ್ತದೆ. ಹೀಗಿರಲು ಮಾತಿನ ಹೊಣೆಯನ್ನು ಕುರಿತು ಮತ್ತೊಮ್ಮೆ ಆಲೋಚಿಸುವುದು ಅಗತ್ಯವಾಗಿದೆ. ಅದರಲ್ಲಿಯೂ ಮಿದುಳಿನ ಬೆಳವಣಿಗೆಯಲ್ಲಿಯೇ ಏನಾದರೊಂದು ವ್ಯತ್ಯಾಸವಿರುವ ಮಕ್ಕಳು ಅಂತರ್ಜಾಲದ ಮೇಲೆ ತಪ್ಪಿ ನಡೆದಾಗ ಅವರನ್ನು ಎಷ್ಟರಮಟ್ಟಿಗೆ ಹೊಣೆಗಾರರೆಂದು ಎಣಿಸಬೇಕು ಎಂಬುದು ಮನೆಯವರಿಗೂ ಶಾಲೆಯವರಿಗೂ ಒದಗಿರುವ ಹೊಸ ಪ್ರಶ್ನೆ. ಈ ಪ್ರಶ್ನೆಯು ನನ್ನ ಮೇಜಿನ ಮುಂದೆ ಬಂದು ನಿಂತ ಬಗೆಯನ್ನು ಮೊದಲು ಹೇಳಿ, ಅನಂತರ ವಿಷಯವನ್ನು ಕ್ರಮವಾಗಿ ವಿವೇಚಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಶಾಲೆಯಲ್ಲಿದ್ದಾಗಿನ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಒಂದು ರಾತ್ರಿ ಹನ್ನೊಂದು ಗಂಟೆಗೆ ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿಗೆ ಒಂದು ಧ್ವನಿಮುದ್ರಣವನ್ನು ಹಾಕಿದನು. ಅದೇ ತರಗತಿಯ ಹುಡುಗಿಯೊಬ್ಬಳು ಪದ್ಯವನ್ನು ಒಪ್ಪಿಸುತ್ತ ನಡುನಡುವೆ ತೊದಲಿದ ಧ್ವನಿ ಅದು. ಅದರ ಕೆಳಗೆ ಎರಡು ಸಾಲು ಗೇಲಿಯನ್ನೂ ಬರೆದಿದ್ದನು. ಬೆಳಗಾಗುವಷ್ಟರಲ್ಲಿ ಅದು ಇನ್ನೂ ಮೂರು ಗುಂಪುಗಳಿಗೆ ಹೋಗಿತ್ತು. ಹುಡುಗಿಯು ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಐದನೆಯ ದಿನ ಎರಡು ಮನೆಯವರೂ ನನ್ನ ಕೊಠಡಿಗೆ ಬಂದರು. ಹುಡುಗನ ತಾಯಿ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಮಾಷ್ಟ್ರೇ, ಇವನಿಗೆ ಎ.ಡಿ.ಎಚ್.ಡಿ. ಉಂಟು. ಮಂಗಳೂರಿನ ಡಾಕ್ಟರು ಬರೆದುಕೊಟ್ಟದ್ದು ಇದು. ಕೈ ತಡೆಯಲಿಕ್ಕೆ ಇವನಿಂದ ಆಗುವುದಿಲ್ಲ. ಬೇಕೂಂತ ಮಾಡಿದ್ದಲ್ಲ” ಎಂದರು. ಹುಡುಗಿಯ ತಂದೆ ಆ ಕಾಗದವನ್ನು ಕಣ್ಣೆತ್ತಿಯೂ ನೋಡದೆ, “ಕಾಗದ ಇರಲಿ ಮಾಷ್ಟ್ರೇ. ಅದನ್ನು ತೋರಿಸಿದರೆ ನನ್ನ ಮಗಳ ಅಳು ನಿಲ್ಲುತ್ತದಾ?” ಎಂದು ಕೇಳಿದರು.

ಆ ದಿನ ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ತಾಯಿಯ ಕಡೆಗೆ ತಿರುಗಿ, “ಇದಕ್ಕೆಲ್ಲ ಕಾಗದ ಬೇಕಿಲ್ಲ ಅಮ್ಮ, ಮನೆಯಲ್ಲಿ ಶಿಸ್ತು ಬೇಕು” ಎಂದೆನು. ಆಕೆ ಮರುಮಾತಾಡದೆ ಕಾಗದವನ್ನು ಮಡಿಸಿಕೊಂಡರು. ಹುಡುಗನಿಗೆ ಒಂದು ವಾರ ತರಗತಿಗೆ ಬರಬಾರದೆಂದು ಹೇಳಿ ವಿಷಯವನ್ನು ಮುಗಿಸಿದೆನು. ತಂದೆಯ ಪ್ರಶ್ನೆಗೂ ಉತ್ತರ ದೊರೆಯಲಿಲ್ಲ, ತಾಯಿಯ ಮಾತಿಗೂ ನ್ಯಾಯ ದೊರೆಯಲಿಲ್ಲ. ನನ್ನ ಅಜ್ಞಾನವನ್ನು ತಿದ್ದಿಕೊಳ್ಳುವ ಸಲುವಾಗಿ ಅನಂತರ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸ್ಥಿತಿಗಳು ಯಾವುವು?

ಮಗುವಿನ ಮಿದುಳೂ ನರಮಂಡಲವೂ ಬೆಳೆಯುವ ಕಾಲದಲ್ಲಿಯೇ ತಲೆದೋರಿ, ಕಲಿಕೆ, ಮಾತು, ಗಮನ, ಚಲನೆ ಅಥವಾ ಇತರರೊಡನೆ ಬೆರೆಯುವ ಶಕ್ತಿ ಇವುಗಳಲ್ಲಿ ಯಾವುದಾದರೊಂದರ ಮೇಲೆ ಪರಿಣಾಮವನ್ನು ಬೀರುವ ಸ್ಥಿತಿಗಳನ್ನು ವೈದ್ಯರು ಒಂದು ವರ್ಗವಾಗಿ ಎಣಿಸುತ್ತಾರೆ. ಬುದ್ಧಿಬೆಳವಣಿಗೆಯ ಕುಂಠಿತ, ಆಟಿಸಂ ಅಥವಾ ಸ್ವಲೀನತೆ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿಯಾದ ಎ.ಡಿ.ಎಚ್.ಡಿ., ಓದುಬರಹಗಳ ಕಲಿಕಾ ನ್ಯೂನತೆ, ಟುರೆಟ್ ಎಂಬ ಹೆಸರಿನ ಅನೈಚ್ಛಿಕ ಚಲನೆಗಳ ತೊಂದರೆ, ಬಾಲ್ಯದಲ್ಲಿ ತೊಡಗುವ ತೊದಲು ಇವೆಲ್ಲ ಈ ವರ್ಗಕ್ಕೆ ಸೇರಿದವು.

ಹೌದು, ತೊದಲು ಕೂಡ. ನನ್ನ ಮೇಜಿನ ಮುಂದೆ ಅಂದು ನಿಂತಿದ್ದ ಮಕ್ಕಳಲ್ಲಿ ಒಬ್ಬನ ಬಳಿ ಕಾಗದವಿತ್ತು, ಇನ್ನೊಬ್ಬಳ ಬಳಿ ಇರಲಿಲ್ಲ. ಆದರೆ ಇಬ್ಬರದೂ ಒಂದೇ ವರ್ಗದ ತೊಂದರೆಯಾಗಿತ್ತು. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಈ ಸ್ಥಿತಿಗಳ ಇತಿಹಾಸವನ್ನು ನೋಡಿದರೆ, ವೈದ್ಯರೂ ಸಹ ಇವುಗಳನ್ನು ನಡತೆಯ ದೋಷದಿಂದ ಬೇರ್ಪಡಿಸಲು ಬಹುಕಾಲ ತೆಗೆದುಕೊಂಡರೆಂಬುದು ತಿಳಿಯುತ್ತದೆ. ೧೮೮೫ರಲ್ಲಿ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಎಂಬಾತನು, ತಮ್ಮ ಇಚ್ಛೆಯಿಲ್ಲದೆಯೆ ಅಂಗಗಳನ್ನು ಕೊಡಹುವ, ಶಬ್ದಗಳನ್ನು ಹೊರಡಿಸುವ ಒಂಬತ್ತು ರೋಗಿಗಳ ವಿವರವನ್ನು ಬರೆದನು. ೧೯೦೨ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಉಪನ್ಯಾಸಗಳನ್ನು ಕೊಟ್ಟನು. ಬುದ್ಧಿ ಚೆನ್ನಾಗಿದ್ದರೂ ಆ ಕ್ಷಣದ ಬಯಕೆಯನ್ನು ತಡೆಯಲಾರದ ಮಕ್ಕಳನ್ನು ಆತನು ವರ್ಣಿಸಿ, ಅದನ್ನು ನೈತಿಕ ನಿಯಂತ್ರಣದ ಕೊರತೆಯೆಂದು ಕರೆದನು. ಇಂದು ಎ.ಡಿ.ಎಚ್.ಡಿ. ಎನ್ನುವ ಸ್ಥಿತಿಯ ಮೊದಲ ವರ್ಣನೆಗಳಲ್ಲಿ ಇದೂ ಒಂದೆಂದು ಹಲವರು ಎಣಿಸುತ್ತಾರೆ. ಆ ಹೆಸರಿನಲ್ಲಿಯೇ ನಮ್ಮ ಪ್ರಶ್ನೆ ಅಡಗಿದೆ: ಅದು ನೀತಿಯ ಕೊರತೆಯೋ, ನಿಯಂತ್ರಣದ ಕೊರತೆಯೋ?

೧೯೪೩ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಎಂಬ ಸ್ಥಿತಿಯನ್ನು ವಿವರಿಸಿದನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅದಕ್ಕೆ ಹೋಲುವ ನಾಲ್ವರು ಹುಡುಗರ ವಿಷಯವನ್ನು ಬರೆದನು. ಆ ಮೇಲಿನ ಎರಡು ದಶಕಗಳಲ್ಲಿ, ತಾಯಿಯ ಪ್ರೀತಿಯ ಕೊರತೆಯೇ ಆಟಿಸಮ್ಮಿಗೆ ಕಾರಣವೆಂಬ ತಪ್ಪು ಕಲ್ಪನೆಯು ಹರಡಿ, ಎಷ್ಟೋ ತಾಯಂದಿರು ಮಾಡದ ತಪ್ಪಿಗಾಗಿ ತಲೆ ತಗ್ಗಿಸಿ ನಡೆದರು. ೧೯೬೪ರಲ್ಲಿ ಬರ್ನಾರ್ಡ್ ರಿಮ್ಲಂಡ್ ಇದನ್ನು ಖಂಡಿಸಿ ಗ್ರಂಥವನ್ನು ಬರೆದನು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ಇಪ್ಪತ್ತೊಂದು ಅವಳಿಜವಳಿ ಜೋಡಿಗಳನ್ನು ಪರೀಕ್ಷಿಸಿ, ಹುಟ್ಟಿನಿಂದ ಬಂದ ಅಂಶಗಳ ಪ್ರಭಾವವನ್ನು ತೋರಿಸಿದರು. ಈಗ ತಾಯಿಯನ್ನು ದೂರುವ ವಾದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಥಾನವಿಲ್ಲ. ಆದರೆ ನಾನು ಅಂದು ಆ ತಾಯಿಗೆ ಆಡಿದ ಮಾತು ಅದೇ ಹಳೆಯ ವಾದದ ಒಂದು ಚೂರಾಗಿತ್ತು.

ನಮ್ಮ ಗಡಿನಾಡಿನ ಹೆತ್ತವರು ಇನ್ನೊಂದು ತಪ್ಪು ಕಲ್ಪನೆಯನ್ನೂ ಬಿಡಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ಭಾಷೆಗಳ ನಡುವೆ ಬೆಳೆದುದರಿಂದಲೇ ಮಗು ಹೀಗಾಯಿತೆಂದು ಕೆಲವರು ತಿಳಿಯುತ್ತಾರೆ. ಹಲವು ಭಾಷೆಗಳನ್ನು ಕೇಳುವುದರಿಂದ ಆಟಿಸಂ ಉಂಟಾಗುವುದಿಲ್ಲ. ಮಗುವಿನೊಡನೆ ಮನೆಮಾತನ್ನು ಆಡುವುದನ್ನು ನಿಲ್ಲಿಸುವ ಅಗತ್ಯವೂ ಇಲ್ಲ.

ಎ.ಡಿ.ಎಚ್.ಡಿ. ಇರುವ ಮಗುವಿನ ವಿಷಯದಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ೨೦೦೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳಿನ ಚಿತ್ರಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರವು ತನ್ನ ಹೆಚ್ಚಿನ ದಪ್ಪವನ್ನು ತಲಪುವ ಮಧ್ಯಮ ವಯಸ್ಸು ಇತರ ಮಕ್ಕಳಲ್ಲಿ ಏಳೂವರೆ ವರ್ಷವಾಗಿದ್ದರೆ, ಎ.ಡಿ.ಎಚ್.ಡಿ. ಇರುವವರಲ್ಲಿ ಹತ್ತೂವರೆ ವರ್ಷವಾಗಿತ್ತು. ಈ ವಿಳಂಬವು ಹೆಚ್ಚಾಗಿ ಕಂಡುಬಂದದ್ದು ತಡೆಯುವ, ಯೋಚಿಸುವ, ಯೋಜಿಸುವ ಕೆಲಸಕ್ಕೆ ಸಂಬಂಧಪಟ್ಟ ಮುಂಭಾಗದಲ್ಲಿ. ಬೆಳವಣಿಗೆಯ ಕ್ರಮ ಮಾತ್ರ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಎಂದರೆ, ಇಂತಹ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯದೆಂದಲ್ಲ. ತಿಳಿದುದನ್ನು ಆ ಕ್ಷಣದಲ್ಲಿ ನಡೆಸುವ ಶಕ್ತಿಯು ನಿಧಾನವಾಗಿ ಬಲಿಯುತ್ತದೆ. ನಿಧಾನವಾಗಿ ಬಲಿಯುವ ಶಕ್ತಿಗೆ ಹೆಚ್ಚಿನ ಅಭ್ಯಾಸವೂ ಆಸರೆಯೂ ಬೇಕು.

ಜಾಲದ ಸ್ವಭಾವ

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, ೨೦೨೦ರ ಜೂನ್ ೧ರಿಂದ ಕೇರಳದಲ್ಲಿ ‘ಫಸ್ಟ್ ಬೆಲ್’ ಪಾಠಗಳು ತೊಡಗಿದವು. ಅಂದು ಕಲಿಕೆಗಾಗಿ ಅನೇಕ ಮಕ್ಕಳ ಕೈಗೆ ಬಂದ ಮೊಬೈಲು ಆ ಮೇಲೆ ಕೈಯಿಂದ ಇಳಿಯಲಿಲ್ಲ. ಅದು ತರುವ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಸ್ವಭಾವವನ್ನು ಅರಿಯದೆ ಬಳಸುವುದು ಆಳವನ್ನು ತಿಳಿಯದೆ ಹೊಳೆಗಿಳಿದಂತೆ.

ಎದುರಿಗೆ ನಿಂತು ಮಾತನಾಡುವಾಗ ಕೇಳುವವನ ಮುಖವೇ ನಮಗೊಂದು ಕಡಿವಾಣ. ಅವನ ಕಣ್ಣು ತುಂಬಿದರೆ ನಮ್ಮ ನಾಲಗೆ ತಡೆಯುತ್ತದೆ. ಜಾಲದಲ್ಲಿ ಮುಖವಿಲ್ಲ, ಧ್ವನಿಯ ಏರಿಳಿತವಿಲ್ಲ, ಒಡನೆಯೇ ಬರುವ ಉತ್ತರವೂ ಇಲ್ಲ. ಕೆಲವು ಕಡೆ ಹೆಸರೂ ಇಲ್ಲ. ಇಂತಹ ಕಡೆ ಮನುಷ್ಯನು ಎದುರಿಗೆ ಆಡಲಾರದ ಮಾತನ್ನು ಆಡಿಬಿಡುತ್ತಾನೆಂಬುದನ್ನು ಜಾನ್ ಸೂಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ೨೦೦೪ರಲ್ಲಿ ವಿಸ್ತಾರವಾಗಿ ವಿವರಿಸಿದ್ದಾನೆ. ಇದು ಎಲ್ಲರಿಗೂ ಅನ್ವಯಿಸುವ ಮಾತು. ಹುಟ್ಟಿನಿಂದಲೇ ಕಡಿವಾಣ ಸಡಿಲವಾಗಿರುವವರಿಗೆ ಇದರ ತೊಂದರೆ ಇಮ್ಮಡಿಯಾಗುತ್ತದೆ.

ಎ.ಡಿ.ಎಚ್.ಡಿ. ಇರುವವನಿಗೆ ಬರೆಯುವುದಕ್ಕೂ ಕಳುಹಿಸುವುದಕ್ಕೂ ನಡುವೆ ಅಂತರವೇ ಇಲ್ಲದಂತಾಗುತ್ತದೆ. ಆಟಿಸಂ ಇರುವವರಲ್ಲಿ ಕೆಲವರು ತಮಾಷೆಯನ್ನು ನಿಜವೆಂದೂ ವ್ಯಂಗ್ಯವನ್ನು ಹೊಗಳಿಕೆಯೆಂದೂ ತಿಳಿಯಬಹುದು. ಇದ್ದುದನ್ನು ಇದ್ದಂತೆ ಹೇಳಿ ಒರಟರೆಂಬ ಹೆಸರನ್ನು ಪಡೆಯಬಹುದು. ಇಲ್ಲಿ ಒಂದು ನ್ಯಾಯದ ಮಾತನ್ನೂ ಸೇರಿಸಬೇಕು. ಈ ಅಪಾರ್ಥವು ಒಂದೇ ಕಡೆಯದಲ್ಲ, ಇತರರೂ ಆಟಿಸಂ ಇರುವವರ ಮನಸ್ಸನ್ನು ಅಷ್ಟೇ ತಪ್ಪಾಗಿ ಓದುತ್ತಾರೆ ಎಂದು, ಸ್ವತಃ ಆಟಿಸಂ ಇರುವ ವಿದ್ವಾಂಸರಾದ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ೨೦೧೨ರಲ್ಲಿ ತೋರಿಸಿಕೊಟ್ಟರು. ಅಲ್ಲದೆ ಅವರಲ್ಲಿ ಅನೇಕರಿಗೆ ಎದುರುಮಾತಿಗಿಂತ ಬರಹವೇ ಹಿತ. ಯೋಚಿಸಲು ಸಮಯ ದೊರೆಯುತ್ತದೆ.

ಟುರೆಟ್ ತೊಂದರೆಯಿರುವ ಕೆಲವರ ಬಾಯಿಂದ ಅವರಿಗೆ ಬೇಡದ ಬೈಗುಳವು ಸಿಡಿಯುವುದುಂಟು. ಅಂತಹ ಶಬ್ದಕ್ಕಾಗಿ ಅವರನ್ನು ದೂರುವುದು ಕೆಮ್ಮಿದವನನ್ನು ದೂರಿದಂತೆ. ಆದರೆ ಹತ್ತು ಸಾಲುಗಳನ್ನು ಅಕ್ಷರ ಅಕ್ಷರವಾಗಿ ಬರೆದು, ಚಿತ್ರವನ್ನು ಹುಡುಕಿ ಜೋಡಿಸಿ, ಹೆಸರಿಟ್ಟು ಕಳುಹಿಸುವುದನ್ನು ಹೀಗೆ ಸಿಡಿದ ಶಬ್ದದೊಡನೆ ಹೋಲಿಸಲಾಗದು. ಮೆಟ್ಟಿಲುಗಳು ಹೆಚ್ಚಿದಂತೆಲ್ಲ ನಿಲ್ಲಲು ಅವಕಾಶಗಳೂ ಹೆಚ್ಚುತ್ತವೆ.

ಇನ್ನೊಂದು ಮಾತು: ಇಂತಹ ಸ್ಥಿತಿಯುಳ್ಳ ಮಕ್ಕಳಲ್ಲಿ ಹೆಚ್ಚಿನವರು ಜಾಲದಲ್ಲಿ ಯಾರನ್ನೂ ನೋಯಿಸುವವರಲ್ಲ. ನೋಯುವವರ ಸಾಲಿನಲ್ಲಿಯೇ ಅವರು ಹೆಚ್ಚಾಗಿ ಕಾಣಸಿಗುತ್ತಾರೆ. ಒರಟಾಗಿ ಬರೆದವರನ್ನೆಲ್ಲ “ಇವನಿಗೆ ಆಟಿಸಂ ಇರಬೇಕು” ಎಂದು ಹಂಗಿಸುವುದು ಅವಿವೇಕ ಮಾತ್ರವಲ್ಲ, ಒಂದು ಇಡೀ ಸಮುದಾಯಕ್ಕೆ ಮಾಡುವ ಅನ್ಯಾಯ.

ಇಂಗ್ಲೆಂಡಿನ ಎರಡು ಮೊಕದ್ದಮೆಗಳು

ಕಾರಣಕ್ಕೂ ಹೊಣೆಗೂ ಇರುವ ವ್ಯತ್ಯಾಸವನ್ನು ತಿಳಿಯಲು ಲೋಕಪ್ರಸಿದ್ಧವಾದ ಎರಡು ಪ್ರಕರಣಗಳು ನೆರವಾಗುತ್ತವೆ.

ಗ್ಯಾರಿ ಮೆಕಿನನ್ ಎಂಬಾತನು ಲಂಡನ್ನಿನಲ್ಲಿ ವಾಸವಾಗಿದ್ದ ಸ್ಕಾಟ್ಲೆಂಡಿನ ಮನುಷ್ಯ. ೨೦೦೧ರ ಫೆಬ್ರವರಿಯಿಂದ ೨೦೦೨ರ ಮಾರ್ಚಿನವರೆಗೆ ಅವನು ಅಮೆರಿಕದ ಸೇನೆಗೂ ನಾಸಾ ಸಂಸ್ಥೆಗೂ ಸೇರಿದ ೯೭ ಗಣಕಯಂತ್ರಗಳನ್ನು ಅನುಮತಿಯಿಲ್ಲದೆ ಪ್ರವೇಶಿಸಿದನೆಂದು ಅಮೆರಿಕವು ಆರೋಪಿಸಿತು. ತನಗೆ ಬೇಕಾಗಿದ್ದುದು ಹಾರುವ ತಟ್ಟೆಗಳ ವಿಷಯದಲ್ಲಿ ಮುಚ್ಚಿಟ್ಟ ಮಾಹಿತಿ ಮಾತ್ರವೆಂದು ಅವನು ಹೇಳಿದನು. ಪ್ರವೇಶಿಸಿದ್ದನ್ನು ಅವನು ಅಲ್ಲಗಳೆಯಲಿಲ್ಲ. ಹಾನಿ ಮಾಡಿದೆನೆಂಬುದನ್ನು ಒಪ್ಪಲಿಲ್ಲ. ಅವನನ್ನು ತನಗೆ ಒಪ್ಪಿಸಬೇಕೆಂದು ಅಮೆರಿಕವು ಕೇಳಿತು. ವರ್ಷಗಟ್ಟಲೆ ವಾದ ನಡೆಯಿತು. ೨೦೦೮ರಲ್ಲಿ ಅವನಿಗೆ ಆಸ್ಪರ್ಗರ್ ಸ್ಥಿತಿಯಿದೆಯೆಂದು, ಎಂದರೆ ಇಂದು ಆಟಿಸಂ ಎಂದೇ ಎಣಿಸುವ ಸ್ಥಿತಿಯಿದೆಯೆಂದು, ತಜ್ಞರು ಕಂಡುಹಿಡಿದರು. ೨೦೧೨ರ ಅಕ್ಟೋಬರ್ ೧೬ರಂದು ಬ್ರಿಟನ್ನಿನ ಗೃಹಮಂತ್ರಿಯಾಗಿದ್ದ ತೆರೇಸಾ ಮೇ ಅವನನ್ನು ಕಳುಹಿಸುವುದಿಲ್ಲವೆಂದು ಸಾರಿದರು.

ಇದರಿಂದ “ಆಟಿಸಂ ಇದ್ದುದರಿಂದ ಅವನು ನಿರ್ದೋಷಿಯಾದನು” ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಅವನ ಮೇಲಿನ ಆರೋಪಗಳು ಗಂಭೀರವಾದವುಗಳೆಂದು ಮಂತ್ರಿಗಳೇ ಹೇಳಿದ್ದರು. ಅವನ ಸ್ಥಿತಿಯನ್ನೂ ಖಿನ್ನತೆಯನ್ನೂ ನೋಡಿದರೆ, ದೂರದ ದೇಶದ ಸೆರೆಮನೆಗೆ ಅಟ್ಟುವುದು ಅವನ ಪ್ರಾಣಕ್ಕೇ ಅಪಾಯಕರವೆಂಬುದು ನಿರ್ಧಾರದ ಆಧಾರವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ಮೊಕದ್ದಮೆಯನ್ನು ಹೂಡುವುದಿಲ್ಲವೆಂದು ಅಲ್ಲಿಯ ಸರಕಾರಿ ಅಭಿಯೋಗದ ಮುಖ್ಯಾಧಿಕಾರಿ ತಿಳಿಸಿದಾಗಲೂ, ಸಾಕ್ಷ್ಯಗಳೂ ಸಾಕ್ಷಿಗಳೂ ಅಮೆರಿಕದಲ್ಲಿರುವ ತೊಡಕನ್ನೇ ಕಾರಣವಾಗಿ ಹೇಳಲಾಯಿತು.

ಎರಡನೆಯದು ಲೌರಿ ಲವ್ ಎಂಬ ತರುಣನ ಪ್ರಕರಣ. ೨೦೧೨–೧೩ರಲ್ಲಿ ಅಮೆರಿಕದ ಸರಕಾರಿ ಗಣಕಗಳಿಗೆ ನುಗ್ಗಿದನೆಂಬುದು ಅವನ ಮೇಲಿನ ಆರೋಪ. ಅವನಿಗೂ ಇದೇ ಸ್ಥಿತಿಯಿತ್ತು. ೨೦೧೮ರ ಫೆಬ್ರವರಿ ೫ರಂದು ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು ಅವನನ್ನು ಅಮೆರಿಕಕ್ಕೆ ಒಪ್ಪಿಸಬಾರದೆಂದು ತೀರ್ಪಿತ್ತಿತು. ಆದರೆ ಇಂಗ್ಲೆಂಡಿನಲ್ಲಿಯೇ ಅವನ ವಿಚಾರಣೆ ನಡೆಸುವುದು ಅವನಿಗೆ ಮಾಡುವ ಅನ್ಯಾಯವಾಗುವುದಿಲ್ಲ ಎಂಬುದನ್ನೂ ನ್ಯಾಯಾಲಯವು ಸ್ಪಷ್ಟಪಡಿಸಿತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದು ಇಷ್ಟು. ಒಬ್ಬನ ಸ್ಥಿತಿಯು ಅವನನ್ನು ಎಲ್ಲಿ, ಹೇಗೆ, ಎಷ್ಟು ಮೃದುವಾಗಿ ವಿಚಾರಿಸಬೇಕೆಂಬುದನ್ನು ಬದಲಾಯಿಸಬಲ್ಲುದು. ವಿಚಾರಿಸಲೇಬಾರದು ಎಂಬ ಮಾತನ್ನು ಅದೊಂದೇ ಹೇಳಲಾರದು.

ನಮ್ಮ ದೇಶದ ಕಾನೂನು

೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೦ನೆಯ ಕಲಮಿನಂತೆ ಏಳು ವರ್ಷಕ್ಕಿಂತ ಕಿರಿಯ ಮಗುವಿನ ಕೃತ್ಯವು ಅಪರಾಧವಲ್ಲ. ಏಳರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ತನ್ನ ಕೃತ್ಯದ ಸ್ವರೂಪವನ್ನು ತಿಳಿಯುವಷ್ಟು ಪ್ರೌಢತೆ ಬಂದಿಲ್ಲದಿದ್ದರೆ ಅದೂ ಅಪರಾಧವಲ್ಲವೆಂದು ೨೧ನೆಯ ಕಲಮು ಹೇಳುತ್ತದೆ. ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ತಾನು ಮಾಡುತ್ತಿರುವುದೇನೆಂಬುದಾಗಲಿ, ಅದು ತಪ್ಪೆಂಬುದಾಗಲಿ ತಿಳಿಯಲಾರದವನಿಗೆ ೨೨ನೆಯ ಕಲಮು ರಕ್ಷಣೆಯನ್ನು ಕೊಡುತ್ತದೆ. ತಿಳಿಯಲಾರದವನಿಗೆ ಎಂಬ ಶಬ್ದವನ್ನು ಗಮನಿಸಬೇಕು. ತಪ್ಪೆಂದು ತಿಳಿದಿದ್ದೂ ತಡೆದುಕೊಳ್ಳದವನಿಗೆ ಆ ರಕ್ಷಣೆ ತಾನಾಗಿ ದೊರೆಯುವುದಿಲ್ಲ.

ಹದಿನೆಂಟು ವರ್ಷ ತುಂಬದವರ ಪ್ರಕರಣಗಳು ೨೦೧೫ರ ಬಾಲ ನ್ಯಾಯ ಕಾಯಿದೆಯಂತೆ ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತವೆ. ಅದರ ಮುಖ್ಯ ಗುರಿ ಸುಧಾರಣೆ. ಆದರೆ ಮಕ್ಕಳೆಂಬ ಕಾರಣಕ್ಕೆ ಕೃತ್ಯವು ಕಾನೂನಿನ ಕಣ್ಣಿಗೆ ಬೀಳುವುದಿಲ್ಲವೆಂದು ತಿಳಿಯಬಾರದು. ಇನ್ನೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸುವುದನ್ನು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬–ಸಿ ಕಲಮೂ, ಇನ್ನೊಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದು ಹರಡುವುದನ್ನು ೬೬–ಇ ಕಲಮೂ, ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದನ್ನು ೬೭–ಬಿ ಕಲಮೂ ಶಿಕ್ಷಾರ್ಹವೆನ್ನುತ್ತವೆ.

೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಎಣಿಸಿದೆ. ಆಟಿಸಮ್ಮೂ ಕಲಿಕಾ ನ್ಯೂನತೆಯೂ ಅದರಲ್ಲಿವೆ, ಎ.ಡಿ.ಎಚ್.ಡಿ.ಯ ಹೆಸರು ಆ ಪಟ್ಟಿಯಲ್ಲಿಲ್ಲ. ಈ ಕಾಯಿದೆಯು ಶಾಲೆಯಲ್ಲಿ ತಕ್ಕ ಅನುಕೂಲಗಳನ್ನು ಕೇಳುವ ಹಕ್ಕನ್ನು ಕೊಡುತ್ತದೆ. ವೈಕಲ್ಯವುಳ್ಳವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಅವಮಾನಿಸಬೇಕೆಂದೇ ನಿಂದಿಸುವುದನ್ನು ಇದರ ೯೨ನೆಯ ಕಲಮು ಅಪರಾಧವೆಂದು ಎಣಿಸುತ್ತದೆ. ಕಾನೂನು ಇಂತಹ ಮಕ್ಕಳಿಗೆ ಮೊದಲು ಕೊಟ್ಟಿರುವುದು ರಕ್ಷಣೆಯನ್ನು ಎಂಬುದನ್ನು ನಾವು ಮರೆಯಬಾರದು.

ಕನ್ನಡಕದ ದೃಷ್ಟಾಂತ

ಕಣ್ಣು ಮಂದವಾಗಿರುವ ಬಸ್ಸಿನ ಚಾಲಕನೊಬ್ಬನನ್ನು ಊಹಿಸಿಕೊಳ್ಳಿರಿ. ಕಣ್ಣು ಮಂದವಾದುದು ಅವನ ತಪ್ಪಲ್ಲ. ಅದಕ್ಕಾಗಿ ಅವನನ್ನು ಬೈಯುವವನು ಮೂರ್ಖ. ಆದರೆ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸನ್ನು ನಡೆಸಿ ಒಬ್ಬನ ಕಾಲಿನ ಮೇಲೆ ಹಾಯಿಸಿದರೆ, “ನನ್ನ ಕಣ್ಣು ಮಂದ” ಎಂಬ ಮಾತು ಅವನನ್ನು ಬಿಡಿಸದು. ಕಣ್ಣು ಮಂದವೆಂದು ತಿಳಿದಿದ್ದುದರಿಂದಲೇ ಅವನ ಹೊಣೆ ಹೆಚ್ಚಾಯಿತು. ಇನ್ನೊಂದು ಪಕ್ಷದಲ್ಲಿ, ಅವನ ಕಣ್ಣನ್ನು ಯಾರೂ ಪರೀಕ್ಷಿಸದೆ, ಕನ್ನಡಕವನ್ನೂ ಕೊಡಿಸದೆ ಬಸ್ಸನ್ನು ಒಪ್ಪಿಸಿದ್ದರೆ, ಹೊಣೆಯ ಬಹುಭಾಗ ಒಪ್ಪಿಸಿದವರದಾಗುತ್ತದೆ.

ಈ ದೃಷ್ಟಾಂತದಿಂದ ಮೂರು ತತ್ತ್ವಗಳು ದೊರೆಯುತ್ತವೆ. ಮೊದಲನೆಯದು, ಸ್ಥಿತಿಗಾಗಿ ಯಾರೂ ದೂಷ್ಯರಲ್ಲ. ಎರಡನೆಯದು, ಸ್ಥಿತಿಯನ್ನು ಅರಿತ ಮೇಲೆ ಅದಕ್ಕೆ ತಕ್ಕ ಎಚ್ಚರಿಕೆಯನ್ನು ವಹಿಸುವುದು ಅವರವರ ಶಕ್ತಿಗನುಸಾರವಾದ ಕರ್ತವ್ಯ. ಮೂರನೆಯದು, ಎಚ್ಚರಿಕೆಗೆ ಬೇಕಾದ ಸಾಧನವನ್ನು ಒದಗಿಸಿಕೊಡುವುದು ಹಿರಿಯರ ಕರ್ತವ್ಯ. ಕಾರಣವು ತಪ್ಪನ್ನು ವಿವರಿಸುತ್ತದೆ. ನೆಪವು ತಪ್ಪನ್ನು ಮುಚ್ಚುತ್ತದೆ. ವಿವರಿಸಿದ ಮೇಲೆ ಮುಂದೇನು ಮಾಡುತ್ತೇನೆಂದು ಹೇಳುವವನು ಕಾರಣವನ್ನು ಕೊಟ್ಟವನು. ವಿವರಿಸಿ ಅಲ್ಲಿಗೇ ಮಾತನ್ನು ನಿಲ್ಲಿಸುವವನು ನೆಪವನ್ನು ಕೊಟ್ಟವನು.

ಆ ಹುಡುಗನನ್ನು ನಾನು ಕೆಲವು ತಿಂಗಳ ತರುವಾಯ ಮತ್ತೆ ಕರೆಸಿದೆನು. ಈ ಸಲ ಬೈಯುವುದಕ್ಕಲ್ಲ, ಕೇಳುವುದಕ್ಕೆ. ಅವನು ತಲೆ ತಗ್ಗಿಸಿ, “ಕಳುಹಿಸಿದ ಕೂಡಲೇ ತಪ್ಪಾಯಿತು ಅಂತ ಗೊತ್ತಾಯಿತು ಸಾರ್. ಅಳಿಸಬೇಕು ಅಂತ ಇತ್ತು. ಅಷ್ಟರಲ್ಲಿ ಎಲ್ಲರೂ ನಗುವ ಚಿತ್ರ ಹಾಕಿದರು. ಮತ್ತೆ ಅಳಿಸಲಿಲ್ಲ” ಎಂದನು.

ಈ ನಾಲ್ಕು ಮಾತಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಹನ್ನೊಂದು ಗಂಟೆಗೆ ಬೆರಳು ಒತ್ತಿದ ಕ್ಷಣದಲ್ಲಿ ಅವನ ಸ್ಥಿತಿಯ ಪಾಲು ದೊಡ್ಡದು. ಆದರೆ ಮರುಕ್ಷಣ ತಪ್ಪೆಂದು ತಿಳಿದ ಮೇಲೆ ಬೆಳಗಿನವರೆಗೆ ಅದನ್ನು ಅಲ್ಲಿಯೇ ಬಿಟ್ಟುದರಲ್ಲಿ ಸ್ಥಿತಿಯ ಪಾಲಿಗಿಂತ ಅವನ ಪಾಲೇ ಹೆಚ್ಚು. ಮೊದಲ ಕ್ಷಣವನ್ನು ನಾವು ಕರುಣೆಯಿಂದ ನೋಡಬೇಕು. ಎರಡನೆಯ ಕ್ಷಣದಿಂದ ಹೊಣೆ ತೊಡಗುತ್ತದೆ. ಇನ್ನು, ನಗುವ ಚಿತ್ರಗಳನ್ನು ಹಾಕಿದವರ ಮಾತೇನು? ಅದನ್ನು ಮೂರು ಗುಂಪುಗಳಿಗೆ ಮುಂದೆ ಕಳುಹಿಸಿದವರ ಮಾತೇನು? ಅವರಾರೂ ಡಾಕ್ಟರ ಕಾಗದವನ್ನು ತೋರಿಸಿದವರಲ್ಲ. ಅವರಲ್ಲಿ ಒಬ್ಬನನ್ನೂ ನಾನು ಅಂದು ಕರೆಸಿರಲಿಲ್ಲ.

ಮಾಡಬೇಕಾದುದೇನು?

ವಿದ್ಯಾರ್ಥಿಗಳಿಗೆ:

೧. ಸಿಟ್ಟು ಬಂದಾಗ, ನಗು ಉಕ್ಕಿದಾಗ ಬರೆಯಬೇಕೆನಿಸಿದುದನ್ನು ಮೊದಲು ನೋಟುಪುಸ್ತಕದಲ್ಲಿ ಬರೆಯಿರಿ. ಮರುದಿನ ಬೆಳಿಗ್ಗೆ ಓದಿ ನೋಡಿ, ಆಗಲೂ ಸರಿಯೆನಿಸಿದರೆ ಕಳುಹಿಸಿರಿ.

೨. ಮಾತು ತಮಾಷೆಯೋ ನಿಜವೋ ತಿಳಿಯದಿದ್ದರೆ “ಇದು ತಮಾಷೆಯೇ?” ಎಂದು ಕೇಳಿರಿ. ಕೇಳುವುದು ಅವಮಾನವಲ್ಲ. ಕೇಳಿದವನನ್ನು ನೋಡಿ ನಗುವುದು ಅವಮಾನಕರ.

೩. ತಪ್ಪಿ ಕಳುಹಿಸಿದ್ದರೆ ಒಡನೆ ಅಳಿಸಿರಿ. ಅನಂತರ ಯಾವ ಗುಂಪಿನ ಮುಂದೆ ನೋಯಿಸಿದಿರೋ ಅದೇ ಗುಂಪಿನ ಮುಂದೆ ತಪ್ಪನ್ನು ಒಪ್ಪಿಕೊಳ್ಳಿರಿ. “ಯಾರಿಗಾದರೂ ಬೇಸರವಾಗಿದ್ದರೆ” ಎಂದು ಬರೆಯಬೇಡಿರಿ. “ನಾನು ಹೀಗೆ ಮಾಡಿದೆ, ಅದು ತಪ್ಪು, ಇನ್ನು ಮುಂದೆ ಹೀಗೆ ನಡೆಯುತ್ತೇನೆ” ಎಂದು ಬರೆಯಿರಿ.

೪. ಇನ್ನೊಬ್ಬರನ್ನು ನೋಯಿಸುವುದು ನಿಮ್ಮ ಕೈಗೆ ಬಂದರೆ ನಿಮ್ಮ ಕೈಯಲ್ಲಿಯೇ ಅದನ್ನು ನಿಲ್ಲಿಸಿರಿ.

೫. ಮೊಬೈಲಿನಲ್ಲಿ ಒಂದೆರಡು ತುಣುಕುಗಳನ್ನು ನೋಡಿ “ನನಗೆ ಈ ಸ್ಥಿತಿಯಿದೆ” ಎಂದು ನೀವೇ ತೀರ್ಮಾನಿಸಬೇಡಿರಿ. ಸಂಶಯವಿದ್ದರೆ ಹೆತ್ತವರಿಗೂ ಅಧ್ಯಾಪಕರಿಗೂ ಹೇಳಿರಿ.

ರಕ್ಷಕರಿಗೆ:

೧. ಮಗುವಿನ ಸ್ಥಿತಿಯನ್ನು ಬಚ್ಚಿಡಬೇಡಿರಿ, ಗುರಾಣಿಯಾಗಿಯೂ ಹಿಡಿಯಬೇಡಿರಿ. ಕಾಗದವನ್ನು ತಪ್ಪು ನಡೆದ ಮೇಲೆ ತರುವುದಕ್ಕಿಂತ ಜೂನ್ ತಿಂಗಳಲ್ಲಿಯೇ ಶಾಲೆಗೆ ತಂದು ಕೊಟ್ಟರೆ ಅದು ಸಹಾಯಕ್ಕೆ ದಾರಿಯಾಗುತ್ತದೆ.

೨. ರಾತ್ರಿ ಒಂಬತ್ತರ ಮೇಲೆ ಮನೆಯ ಎಲ್ಲರ ಮೊಬೈಲುಗ&#8205;ಳೂ ಚಾವಡಿಯಲ್ಲಿರಲಿ. ಎಲ್ಲರ ಎಂದರೆ ನಿಮ್ಮದೂ ಸೇರಿ. ದಣಿದ ರಾತ್ರಿಯಲ್ಲಿ ತಡೆಯುವ ಶಕ್ತಿ ಯಾರಿಗೂ ಕಡಿಮೆ.

೩. ಶಿಕ್ಷೆಯು ತಪ್ಪಿಗೆ ಹತ್ತಿರವಾಗಿಯೂ ಚಿಕ್ಕದಾಗಿಯೂ ಇರಲಿ. ತಿಂಗಳ ಬಳಿಕ ಕೊಡುವ ದೊಡ್ಡ ಶಿಕ್ಷೆಯಿಂದ ಇಂತಹ ಮಗು ಏನನ್ನೂ ಕಲಿಯದು. ತಡೆದುಕೊಂಡ ದಿನ ಗುರುತಿಸಿ ಹೊಗಳಿರಿ.

೪. ಮೂರನೆಯ ವರ್ಷದಲ್ಲಿಯೂ ಮಾತು ಬಾರದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ “ಮುಂದೆ ಸರಿಹೋಗುತ್ತದೆ” ಎಂದು ಕಾಯಬೇಡಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ಕನ್ನಡದಲ್ಲಿಯೇ ಮಾತನಾಡಿ ಪರೀಕ್ಷಿಸುವವರಿದ್ದಾರೆ. ಮೊಬೈಲಿನ ಗೀಳಿಗೆಂದು ನಿಮ್ಹಾನ್ಸಿನಲ್ಲಿ ೨೦೧೪ರಲ್ಲಿ ಒಂದು ವಿಶೇಷ ಚಿಕಿತ್ಸಾ ವಿಭಾಗವೂ ತೊಡಗಿತು.

೫. ಸಂಕಟದಲ್ಲಿರುವ ಮಕ್ಕಳ ನೆರವಿಗೆ ೧೦೯೮, ಮನಸ್ಸಿನ ಕಷ್ಟಕ್ಕೆ ೧೪೪೧೬, ಜಾಲದಲ್ಲಿ ಹಣದ ಮೋಸವಾದರೆ ೧೯೩೦ ಎಂಬ ದೂರವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿರಿ.

ಅಧ್ಯಾಪಕರಾದ ನಾವು ತರಗತಿಯ ಗುಂಪಿನ ನಿಯಮಗಳನ್ನು ವರ್ಷದ ಆರಂಭದಲ್ಲಿಯೇ ಸ್ಪಷ್ಟವಾದ ಸಣ್ಣ ವಾಕ್ಯಗಳಲ್ಲಿ ಬರೆದು ಕೊಡಬೇಕು. “ಮರ್ಯಾದೆಯಿಂದ ನಡೆದುಕೊಳ್ಳಿ” ಎಂದರೆ ಕೆಲವು ಮಕ್ಕಳಿಗೆ ಅರ್ಥವಾಗದು. “ಯಾರ ಧ್ವನಿಯನ್ನೂ ಚಿತ್ರವನ್ನೂ ಅವರನ್ನು ಕೇಳದೆ ಹಾಕಬಾರದು” ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹೈಸ್ಕೂಲುಗಳಲ್ಲಿ ೨೦೧೮ರಿಂದ ನಡೆಯುತ್ತಿರುವ ‘ಲಿಟಲ್ ಕೈಟ್ಸ್’ ಸಂಘದ ಮಕ್ಕಳು ಈ ಕೆಲಸದಲ್ಲಿ ಕಿರಿಯರಿಗೆ ನೆರವಾಗಬಹುದು.

ಮುಗಿಸುವ ಮುನ್ನ ಆ ಪ್ರಸಂಗದ ಕೊನೆಯನ್ನು ಹೇಳಬೇಕು. ಹುಡುಗನು ಆರು ಸಲ ಬರೆದು ತಿದ್ದಿದ ನಾಲ್ಕು ಸಾಲುಗಳನ್ನು ಅದೇ ಗುಂಪಿನಲ್ಲಿ ಹಾಕಿದನು. ತಾಯಿಯ ಜತೆ ಹುಡುಗಿಯ ಮನೆಗೂ ಹೋದನು. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿ, ಏನನ್ನೂ ಹೇಳದೆ ಒಳಗೆ ಹೋದಳು. ಅವಳು ಕ್ಷಮಿಸಲೇಬೇಕೆಂಬ ನಿರ್ಬಂಧವಿಲ್ಲ. ಕ್ಷಮೆಯನ್ನು ಬೇಡುವುದು ಅವನ ಹೊಣೆ, ಕೊಡುವುದು ಬಿಡುವುದು ಅವಳ ಹಕ್ಕು. ಕಾಗದದಿಂದ ಅವಳ ಅಳು ನಿಲ್ಲಲಿಲ್ಲ. ಅವನ ಒಂದು ವಾರದ ಶಿಕ್ಷೆಯಿಂದಲೂ ನಿಂತಿರಲಿಲ್ಲ. ತೊದಲಿಗೆ ಚಿಕಿತ್ಸೆಯುಂಟೆಂದು ಆ ತಂದೆಗೆ ತಿಳಿಸಿ, ಅವಳನ್ನು ವಾಕ್ ಚಿಕಿತ್ಸಕರಲ್ಲಿಗೆ ಕಳುಹಿಸಿದ ಮೇಲೆ, ಮತ್ತು ತರಗತಿಯ ಮಕ್ಕಳು ಅವಳ ಮಾತು ಮುಗಿಯುವವರೆಗೆ ಕಾಯಲು ಕಲಿತ ಮೇಲೆ, ಅವಳು ಮತ್ತೆ ಕೈಯೆತ್ತಿ ಉತ್ತರ ಹೇಳತೊಡಗಿದಳು. ಹುಡುಗನ ತಾಯಿಗೆ ನಾನೂ ಒಂದು ಕ್ಷಮೆಯನ್ನು ಹೇಳಬೇಕಾಗಿತ್ತು, ಹೇಳಿದೆನು. ನನಗೆ ಯಾವ ಡಾಕ್ಟರ ಕಾಗದವೂ ಇರಲಿಲ್ಲ.

ಅಭ್ಯಾಸದ ಪ್ರಶ್ನೆಗಳು

೧. ಕಾರಣಕ್ಕೂ ನೆಪಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಅನುಭವದ ಒಂದು ಉದಾಹರಣೆಯೊಡನೆ ಬರೆಯಿರಿ.

೨. ಗ್ಯಾರಿ ಮೆಕಿನನ್ನನನ್ನು ಅಮೆರಿಕಕ್ಕೆ ಒಪ್ಪಿಸದಿರಲು ಕೊಟ್ಟ ಆಧಾರವೇನು? ಅದರಿಂದ ಅವನು ನಿರ್ದೋಷಿಯೆಂದು ಸಿದ್ಧವಾಯಿತೆ?

೩. ಗೇಲಿಯ ಸಂದೇಶವನ್ನು ಬರೆದವನು, ಅದಕ್ಕೆ ನಕ್ಕವನು, ಅದನ್ನು ಮುಂದೆ ಕಳುಹಿಸಿದವನು, ನೋಡಿ ಸುಮ್ಮನಿದ್ದವನು ಇವರ ಹೊಣೆಗಳನ್ನು ಹೋಲಿಸಿರಿ.

೪. ನಿಮ್ಮ ತರಗತಿಯ ಗುಂಪಿಗೆ ಐದು ಸ್ಪಷ್ಟವಾದ ನಿಯಮಗಳನ್ನು ಹೆತ್ತವರೊಡನೆ ಕುಳಿತು ಬರೆದು ತನ್ನಿರಿ.